ದೀಪಸ್ತಂಭಕ್ಕೆ ಪ್ರದಕ್ಷಿಣೆ

ಮನುಷ್ಯನಿಗೆ ಕೊನೆಗೂ ಬೇಕಾಗುವುದು ಶಾಂತಿಯೊಂದೇ ಎಂದು ತಿಳಿದವರೆಲ್ಲ ಹೇಳಿದ್ದಾರೆ. ಆ ಶಾಂತಿ ಸಿ.ಡಿ.ಯಲ್ಲಿ ಬರುತ್ತದೆ, ಅದನ್ನು ಪಡೆಯಲು ಮೌಸ್ ಬೇಕು, ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು ಎಂಬುದನ್ನು ಮಾತ್ರ ಅವರು ಯಾರೂ ಹೇಳಿರಲಿಲ್ಲ. ನಮಗೆ ಅದು ಗೊತ್ತಾದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ಚೆನ್ನೈಯ ನುಂಗಂಬಾಕ್ಕಂನ ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ.

ಕಂಪ್ಯೂಟರ್ ನಮ್ಮದಲ್ಲ. ಕ್ರೋಂಪೇಟೆಯಲ್ಲಿದ್ದ ನನ್ನ ಭಾವಮೈದ ಆಫೀಸಿನ ತರಬೇತಿಗೆಂದು ಕೆಲವು ತಿಂಗಳು ಹೈದರಾಬಾದಿಗೆ ಹೊರಟಾಗ, ಬೀಗ ಹಾಕಿದ ಮನೆಯಲ್ಲಿ ಅದಕ್ಕೆ ಗೆದ್ದಲು ಹಿಡಿದೀತೆಂಬ ಭಯದಿಂದ ನಮ್ಮಲ್ಲಿ ತಂದಿಟ್ಟಿದ್ದ. "ಇರಲಿ ಭಾವ, ಮಗು ಏನಾದ್ರೂ ಕಲ್ತುಕೊಳ್ಳಲಿ" ಎಂದ. ಕಲಿತದ್ದು ನಮ್ಮ ಅಮ್ಮ.

ಅಮ್ಮನಿಗೆ ಮಂಡಿನೋವು. ಮೆಟ್ಟಿಲು ಹತ್ತಬಾರದು, ಇಳಿಯಬಾರದು ಎಂದು ಡಾಕ್ಟರು ಹೇಳಿದ್ದರು. ಮೂರನೇ ಮಹಡಿಯಲ್ಲಿ ಇರುವವರಿಗೆ ಇದರ ಅರ್ಥ, ಇನ್ನು ಮೇಲೆ ಊರೆಂದರೆ ಬಾಲ್ಕನಿ. ನುಗ್ಗೇಕಾಯಿಗಾಗಿ ಮಾರ್ಕೆಟ್ಟೆಲ್ಲ ಸುತ್ತಿ ಚೌಕಾಸಿ ಮಾಡುತ್ತಿದ್ದ ಹೆಂಗಸು, ಬೆತ್ತದ ಕುರ್ಚಿಯಲ್ಲಿ ಕೂತು ಎದುರುಮನೆಯವರ ಬಟ್ಟೆ ಒಣಗುವುದನ್ನು ನೋಡುವಂತಾಯಿತು.

ಕಂಪ್ಯೂಟರಿನ ಜೊತೆ ಬಂದ ಆಟದ ಸಿ.ಡಿ.ಯಲ್ಲಿ ಒಂದು ದ್ವೀಪವಿತ್ತು. ಸಮುದ್ರ, ಮರಳು, ಬಾಗಿಲು ತೆರೆದ ಖಾಲಿ ಮನೆಗಳು, ಒಂದು ತೋಟ, ದೂರದ ತುದಿಯಲ್ಲಿ ಒಂದು ಲೈಟ್ ಹೌಸ್. ಜನರಿಲ್ಲ. ಗುಂಡು ಹಾರಿಸುವವರಿಲ್ಲ, ಹಾರಿಸಿಕೊಳ್ಳುವವರೂ ಇಲ್ಲ. ಅಂಕಗಳಿಲ್ಲ. ಸುಮ್ಮನೆ ಸುತ್ತಾಡಬೇಕು, ಅಲ್ಲಲ್ಲಿ ಮುಚ್ಚಿದ ಬಾಗಿಲುಗಳನ್ನು ಯೋಚನೆ ಮಾಡಿ ತೆರೆಯಬೇಕು, ಅಷ್ಟೆ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ನನಗೆ, ವಾರಸುದಾರರೇ ಇಲ್ಲದ ಅಷ್ಟು ಆಸ್ತಿಯನ್ನು ಕಂಡು ಮೊದಲಿಗೆ ಕಸಿವಿಸಿಯಾಯಿತು.

ಸಂಜೆ ಸ್ಕೂಲಿನಿಂದ ಬಂದ ನನ್ನ ಮಗಳು ಮೌಸ್ ಹಿಡಿಯುವಳು, ಅಮ್ಮ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ದಾರಿ ಹೇಳುವರು. ಅಮ್ಮನದು ಮೈಸೂರಿನ ಕನ್ನಡ. ಮಗಳಿಗೆ ಅದು ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ಖಾಲಿ ಮನೆಯ ಬಾಗಿಲು ಬಂದಾಗಲೆಲ್ಲ ಅಮ್ಮ ತಪ್ಪದೆ ಕೇಳುತ್ತಿದ್ದರು:

"ಯಾರಮ್ಮಾ ಮನೇಲಿ?"

"ಯಾರುಮೇ ಇಲ್ಲ ಅಜ್ಜಿ. ಉಳ್ಳ ಪೋಲಾಮಾ?"

"ಇಲ್ಲದಿದ್ರೂ ಕೇಳ್ಬೇಕು ಕಣೇ. ಹೂಂ, ಹೋಗು ಒಳಗೆ. ಚಪ್ಪಲಿ ಬಿಟ್ಟು ಹೋಗು."

"ಅಯ್ಯೋ ಅಜ್ಜಿ, ಇದ್ರಲ್ಲಿ ಕಾಲೇ ತೆರಿಯಲೆ!"

"ಕಾಲು ಕಾಣಲಿಲ್ಲ ಅಂದ್ರೆ ಚಪ್ಪಲಿ ಇಲ್ಲ ಅಂತಲೋ?"

ಇಂಥ ಆಟವನ್ನು ಜನ ಯಾಕೆ ಇಷ್ಟಪಡುತ್ತಾರೆಂದು ನಾನು ಅಮ್ಮನನ್ನು ನೋಡಿಯೇ ತಿಳಿದುಕೊಂಡೆ. ಚೆನ್ನೈಯಲ್ಲಿ ಎಲ್ಲಿ ನಿಂತರೂ ಬೆನ್ನ ಹಿಂದೆ ಯಾರಾದರೂ ಒಬ್ಬರು ಅವಸರದಲ್ಲಿರುತ್ತಾರೆ. ಬಸ್ಸಿನಲ್ಲಿ ಕಂಡಕ್ಟರು ಒಳಗೆ ಹೋಗಿ ಎನ್ನುತ್ತಾನೆ, ಬ್ಯಾಂಕಿನಲ್ಲಿ ಹಿಂದಿನವರು ಕೆಮ್ಮುತ್ತಾರೆ. ಆ ದ್ವೀಪದಲ್ಲಿ ಬಾಗಿಲೊಂದು ತೆರೆಯದಿದ್ದರೆ ಅದು ಸಿಟ್ಟಾಗುವುದಿಲ್ಲ. ಎದ್ದುಹೋಗಿ ಕಾಫಿ ಕುಡಿದು ಬಂದರೂ ಅಲೆಗಳು ಹಾಗೇ ಬಡಿಯುತ್ತಿರುತ್ತವೆ. ಗೊತ್ತಿಲ್ಲ ಎಂದು ಒಪ್ಪಿಕೊಂಡರೆ ಅವಮಾನವಾಗದ ಊರು ಎಂದರೆ ನಾನು ಕಂಡದ್ದು ಅದೊಂದೇ. ಕೆಲವು ಸಲ ಅಮ್ಮ ಮರಳಿನ ಮೇಲೆ ಸುಮ್ಮನೆ ನಿಲ್ಲಿಸಿಬಿಡುತ್ತಿದ್ದರು.

"ಮುಂದೆ ಹೋಗಲ್ವೇನಮ್ಮ?" ಎಂದರೆ, "ಇರು, ಒಳ್ಳೇ ಗಾಳಿ ಬರ್ತಿದೆ" ಎನ್ನುವರು. ಫ್ಯಾನ್ ಕೆಟ್ಟು ರಿಪೇರಿಗೆ ಹೋಗಿತ್ತು.

ಆದರೆ ಅವರಿಗೆ ನಿಜವಾಗಿ ಬೇಕಾಗಿದ್ದದ್ದು ಆ ಲೈಟ್ ಹೌಸ್. ಅಪ್ಪ ರೈಲ್ವೆಯವರು, ರಾಯಪುರಂನಲ್ಲಿ ಕೆಲಸ. ಮದುವೆಯಾಗಿ ಈ ಊರಿಗೆ ಬಂದ ಅಮ್ಮ, ಮರೀನಾದಲ್ಲಿ ಲೈಟ್ ಹೌಸ್ ಕಟ್ಟಿದಾಗಿನಿಂದ ಅದನ್ನು ಹತ್ತಬೇಕೆಂದು ಕೇಳುತ್ತಿದ್ದರಂತೆ. "ಅದೇನು ಓಡಿಹೋಗುತ್ತದೆಯೇ, ಹೋಗೋಣ" ಎಂದು ಅಪ್ಪ ಪ್ರತಿ ವರ್ಷವೂ ಹೇಳಿದರು. ಅದು ಓಡಿಹೋಗಲಿಲ್ಲ. ಆದರೆ ಜನರನ್ನು ಮೇಲೆ ಬಿಡುವುದು ನಿಂತಿತು. ಆಮೇಲೆ ಅಪ್ಪ ಹೋದರು, ಆಮೇಲೆ ಅಮ್ಮನ ಮಂಡಿ.

ದ್ವೀಪದ ಲೈಟ್ ಹೌಸಿನ ಬಾಗಿಲು ಮುಚ್ಚಿತ್ತು. ಅದರ ಸುತ್ತ ಕಲ್ಲು ಹಾಸಿದ ಅಂಗಳ, ಅಂಗಳದ ಅಂಚಿನಲ್ಲಿ ಕಂಬಗಳು, ಪ್ರತಿ ಕಂಬಕ್ಕೂ ಒಂದು ಗಂಟೆ. ಗಂಟೆ ಬಾರಿಸುತ್ತ ಒಂದು ಸುತ್ತು ಬಂದರೆ ಬಾಗಿಲು ತೆರೆಯಬೇಕೆಂಬುದು ಸ್ಪಷ್ಟವಾಗಿತ್ತು. ನಾವು ಸುತ್ತು ಬಂದೆವು, ತೆರೆಯಲಿಲ್ಲ. ಬೇರೆ ಬೇರೆ ಕಂಬದಿಂದ ಶುರುಮಾಡಿದೆವು, ನಿಧಾನವಾಗಿ ಬಂದೆವು, ಭಕ್ತಿಯಿಂದ ಬಂದೆವು. ಅಡುಗೆಮನೆಯಿಂದ ಬಂದ ನನ್ನ ಹೆಂಡತಿ ಒಮ್ಮೆ ನೋಡಿ, ಕೀಲಿಗೆ ಎಣ್ಣೆ ಬಿಡಬೇಕು ಎಂದು ಹೇಳಿ ಹೋದಳು.

ಅಷ್ಟರಲ್ಲಿ ಭಾವಮೈದನ ಫೋನ್ ಬಂತು. ತರಬೇತಿ ಮುಗಿಯಿತು, ಸೋಮವಾರ ಬೆಳಿಗ್ಗೆ ಬಂದು ಕಂಪ್ಯೂಟರ್ ತೆಗೆದುಕೊಂಡು ಹೋಗುತ್ತೇನೆ.

"ಅಷ್ಟರೊಳಗೆ ಹತ್ತಿಬಿಡಬೇಕು ಕಣೋ" ಎಂದರು ಅಮ್ಮ. ಬದರಿಗೆ ಹೊರಟವರ ದನಿಯಲ್ಲಿ.

"ಅವನನ್ನೇ ಕೇಳ್ತೀನಿ ಬಿಡಮ್ಮ, ಬಾಗಿಲು ಹೇಗೆ ತೆಗೆಯೋದು ಅಂತ."

"ಬೇಡ. ಇನ್ನೊಬ್ಬರು ತೆಗೆದುಕೊಟ್ಟರೆ ಅದು ನಾನು ಹತ್ತಿದ ಹಾಗಾ?"

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಮೂವರೂ ಕೂತೆವು. ಮತ್ತೆ ಗಂಟೆ, ಮತ್ತೆ ಸುತ್ತು, ಬಾಗಿಲು ಹಾಗೇ. ಅಮ್ಮ ಬೇಜಾರಿನಿಂದ ಲೈಟ್ ಹೌಸಿನ ಗೋಡೆ ನೋಡುತ್ತಿದ್ದರು. ಅದರ ಮೇಲೆ ಗೋಪುರವನ್ನು ಸುತ್ತುವ ಹಕ್ಕಿಗಳ ಸಾಲೊಂದನ್ನು ಕೆತ್ತಿದ್ದರು. ಮೊದಲ ದಿನದಿಂದಲೂ ಅದು ಅಲ್ಲಿತ್ತು.

"ಈ ಹಕ್ಕಿಗಳೇನೋ ಹಿಂಗೆ ಹೋಗ್ತಿವೆ? ಉಲ್ಟಾ?" ಎಂದರು.

ಆಗ ಹೊಳೆಯಿತು. ಹಕ್ಕಿಗಳು ಗೋಪುರವನ್ನು ಎಡಕ್ಕಿಟ್ಟುಕೊಂಡು ಹಾರುತ್ತಿದ್ದವು. ನಾವು ಪ್ರತಿ ಸಲವೂ ಬಲಕ್ಕಿಟ್ಟುಕೊಂಡೇ ಸುತ್ತಿದ್ದೆವು. ಯಾರೂ ಹಾಗೆ ಸುತ್ತಿ ಎಂದಿರಲಿಲ್ಲ. ನಡುವೆ ಏನಾದರೊಂದು ನಿಂತಿದ್ದರೆ ನಮ್ಮ ಮನೆಯವರು ಸುತ್ತುವುದು ಒಂದೇ ದಿಕ್ಕಿಗೆ, ಅದು ತುಳಸಿಕಟ್ಟೆಯಾಗಲಿ, ಗರ್ಭಗುಡಿಯಾಗಲಿ. ತಮಿಳಿನಲ್ಲಿ ಉತ್ತರ ಕೊಡುವ ನನ್ನ ಮಗಳೂ ಮೌಸನ್ನು ಪ್ರದಕ್ಷಿಣೆಯಾಗಿಯೇ ಓಡಿಸಿದ್ದಳು. ಹಕ್ಕಿಗಳಿಗೆ ಸಂಸ್ಕಾರ ಸಾಲದೆಂದು ನಾವು ಅವನ್ನು ಗಮನಿಸಿಯೇ ಇರಲಿಲ್ಲ.

"ಉಲ್ಟಾ ಪೋಲಾಮಾ ಅಜ್ಜಿ?"

"ಛೆ ಛೆ! ಅಪ್ರದಕ್ಷಿಣೆ ಆಗಲ್ವೇನೇ?"

"ಅಮ್ಮ, ಅದು ದೇವಸ್ಥಾನ ಅಲ್ಲ, ಲೈಟ್ ಹೌಸು" ಎಂದೆ.

"ಗಂಟೆ ಇದೆಯಲ್ಲೋ."

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಾಗಿಲು ಕಣ್ಣೆದುರಿಗೇ ಇತ್ತು, ನಾಳೆ ಇರುವುದಿಲ್ಲ. ಮಗಳು ಮೌಸಿನ ಮೇಲಿಂದ ಕೈ ತೆಗೆದು ಕಾದಳು. ಅಮ್ಮ ಕನ್ನಡಕ ಹಾಕಿಕೊಂಡು ನನ್ನ ಕಡೆ ತಿರುಗಿದರು.

"ನಿಮ್ಮಪ್ಪಂದು ಕಾರ್ಯ ಮಾಡುವಾಗ ಭಟ್ಟರು ನಿನ್ನ ಯಾವ ಕಡೆಯಿಂದ ಸುತ್ತಿಸಿದ್ರು?"

"ಎಡಗಡೆಯಿಂದ."

"ಜನಿವಾರ?"

"ಅದೂ ಉಲ್ಟಾನೇ ಅಲ್ವೇನಮ್ಮ."

"ಹಂಗಾದ್ರೆ ಸರಿ. ಇದನ್ನ ಅವರ ಲೆಕ್ಕಕ್ಕೆ ಹಾಕೋಣ. ಸುತ್ತೇ ಪುಟ್ಟಿ."

ಪುಟ್ಟಿ ಸುತ್ತಿದಳು. ಕೊನೆಯ ಗಂಟೆ ಬಾರಿಸಿದ್ದೇ ಬಾಗಿಲು ಗರಗರ ಎಂದು ತೆರೆಯಿತು. ಒಳಗೆ ಸುರುಳಿ ಮೆಟ್ಟಿಲು. ಒಂದೊಂದೇ ಕ್ಲಿಕ್ಕಿಗೆ ಒಂದೊಂದು ತಿರುವು. ಅಮ್ಮ ಕುರ್ಚಿಯ ಕೈ ಹಿಡಿದುಕೊಂಡಿದ್ದರು. ಅರ್ಧ ಹತ್ತುವಷ್ಟರಲ್ಲಿ "ಇರು ಇರು, ಸ್ವಲ್ಪ ನಿಂತು ಹೋಗೋಣ" ಎಂದರು. ಮಾತುಮಾತಿಗೂ ತಮಾಷೆ ಮಾಡುವ ಮಗಳು ಅಲ್ಲಿ ನಗದೆ ನಿಲ್ಲಿಸಿದಳು. ಅಜ್ಜಿಯ ಏದುಸಿರು ಇಳಿಯುವವರೆಗೂ ಮೂವರೂ ಆ ತಿರುವಿನಲ್ಲೇ ನಿಂತಿದ್ದೆವು.

ಮೇಲೆ ಏನೂ ಇರಲಿಲ್ಲ. ಸುತ್ತಲೂ ಸಮುದ್ರ, ಕೆಳಗೆ ಅಂಗೈಯಷ್ಟು ದ್ವೀಪ.

"ಅವ್ಳೋದಾನಾ?" ಎಂದಳು ಮಗಳು, ಇಷ್ಟೇನಾ ಎಂಬಂತೆ.

"ಇನ್ನೇನು ಬೇಕಾಗಿತ್ತು? ಮೆಲ್ಲಗೆ ತಿರುಗಿಸು, ನೋಡೋಣ." ಅಮ್ಮ ಎಲ್ಲ ದಿಕ್ಕನ್ನೂ ನೋಡಿದರು. ಆಮೇಲೆ ಕೇಳಿದರು: "ರಾಯಪುರಂ ಯಾವ ಕಡೆ ಬರತ್ತೆ?"

ಮಗಳು ಕಣ್ಣು ಮಿಟುಕಿಸದೆ ನೀರಿನ ಒಂದು ಕಡೆಗೆ ತಿರುಗಿಸಿ ನಿಲ್ಲಿಸಿದಳು. "ಅದೋ, ಅಂಗ."

ಅಮ್ಮ ಕಾಫಿಯ ಹೊತ್ತಿನವರೆಗೂ ಆ ಕಡೆ ನೋಡಿದರು.

ಸೋಮವಾರ ಬೆಳಿಗ್ಗೆ ಭಾವಮೈದ ಆಟೊ ತಂದು ಕಂಪ್ಯೂಟರನ್ನೂ ಸಿ.ಡಿ.ಯನ್ನೂ ಕ್ರೋಂಪೇಟೆಗೆ ತೆಗೆದುಕೊಂಡು ಹೋದ. ಗೆದ್ದಲು ಹಿಡಿದಿರಲಿಲ್ಲ.