ಶಿರಾದಲ್ಲಿ ನಾನೊಬ್ಬನೇ ನಕ್ಕಿದ್ದು

ಪಾವಗಡದ ಬಸ್ಸು ಬರುವವರೆಗೆ ಶಿರಾದ ಸಾಬರ ಹೋಟೆಲಿನಲ್ಲಿ ಕುಳಿತಿದ್ದೆ. ವಾರವಾರದ ರೇಡಿಯೊ ನಗೆನಾಟಕ ಕೇಳಲು ಬಂದವರಿಂದ ಬೆಂಚುಗಳೆಲ್ಲ ತುಂಬಿದ್ದವು. ನಾಟಕದ ಜಿಪುಣ ಮಾವನ ಮಾತಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಟೀ ಸೋಸುತ್ತಿದ್ದ ಸಾಬರೂ ನಕ್ಕರು. ಆಮೇಲೆ ನಾಟಕದಲ್ಲಿ ಅತ್ತರು ಮಾರುವ ಸಾಬನೊಬ್ಬ ಬಂದು ಹರಕುಮುರುಕು ಕನ್ನಡದಲ್ಲಿ ತೊದಲಿದ. ರೇಡಿಯೊದೊಳಗಿನವರು ಗೊಳ್ಳೆಂದರು. ಬೆಂಗಳೂರಿನಲ್ಲಿ ಆದ ಅಭ್ಯಾಸ, ನಾನೂ ನಕ್ಕೆ. ಬೆಂಚುಗಳಲ್ಲಿ ಬೇರೆ ಯಾರೂ ನಗಲಿಲ್ಲ.

"ನಗ್ರಪ್ಪಾ, ಯಾಕ್ ಸುಮ್ಕಾದ್ರಿ? ನಂಗೇನ್ ಬೇಜಾರಿಲ್ಲ" ಎಂದರು ಸಾಬರು, ಅಪ್ಪಟ ಶಿರಾ ಕನ್ನಡದಲ್ಲಿ.

"ಅಂಗೆ ಮಾತಾಡೋರ್ನ ನಾವು ಕಂಡೇ ಇಲ್ವಲ್ಲ ಸಾಬ್ರೇ, ನಗು ಹೆಂಗೆ ಬತ್ತೈತೆ?" ಎಂದ ಪಕ್ಕದಲ್ಲಿದ್ದ ಗಾಡಿ ಹೊಡೆಯುವ ಮುದುಕ. ಆಮೇಲೆ ನನ್ನ ಕಡೆ ತಿರುಗಿ, ಬಹಳ ಮರ್ಯಾದೆಯಿಂದ ಕೇಳಿದ:

"ಸ್ವಾಮಿಯೋರದು ಯಾವೂರು?"