ಬದುವಿನಾಚೆಗೆ ಹಾಕದ ಕೂಗು

ಇದು ನಡೆದು ಎರಡು ವರ್ಷವಾಯಿತು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ನನ್ನ ವಾರಗಿತ್ತಿ ಸುಧಾ ತನ್ನ ಮೊದಲನೇ ಸಿನಿಮಾ ಮಾಡಿದ್ದು ಆ ಬೇಸಿಗೆಯಲ್ಲೇ. ನಾನು ಹೇಳಿಕೊಳ್ಳಲು ನಾಚಿಕೆಯಾಗುವ ಕೆಲಸವೊಂದನ್ನು ಮಾಡಿದ್ದೂ ಆ ಬೇಸಿಗೆಯಲ್ಲೇ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಮುಳಬಾಗಿಲಿನಿಂದ ಆಂಧ್ರದ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಕ್ಕೆ ತಿರುಗಿದರೆ ನಮ್ಮೂರು. ಅಣ್ಣತಮ್ಮಂದಿರು ಭಾಗವಾದ ಮೇಲೆ ನಮ್ಮ ಪಾಲಿನ ಜಮೀನಿನಲ್ಲಿ ನಾವು ಟೊಮೇಟೊ ಹಾಕಿದೆವು. ಪಕ್ಕದ್ದು ಮೈದುನನಿಗೆ ಬಂತು. ಅವರದು ಹಿಪ್ಪುನೇರಳೆ ತೋಟ, ತೋಟದ ತುದಿಯಲ್ಲಿ ರೇಷ್ಮೆ ಹುಳು ಸಾಕುವ ಹುಳುಮನೆ. ನಡುವೆ ಇರುವುದು ಒಂದು ಬದು ಅಷ್ಟೆ.

ಟೊಮೇಟೊ, ರೇಷ್ಮೆ ಎರಡೂ ಅಕ್ಕಪಕ್ಕ ಬೆಳೆಯುವ ನಮ್ಮಲ್ಲಿ ಒಂದು ಪದ್ಧತಿ ಇದೆ. ಟೊಮೇಟೊಗೆ ಔಷಧಿ ಹೊಡೆಯುವವರು ಮುಂಚೆ ಬದುವಿನ ಮೇಲೆ ನಿಂತು, "ಔಷಧಿ ಹೊಡೀತೀವೀ, ಸೊಪ್ಪು ಕೊಯ್ಕೊಳ್ಳೀ!" ಅಂತ ಆ ಕಡೆಗೆ ಕೂಗಬೇಕು. ಅವರು ಬದುವಿನ ಪಕ್ಕದ ಸಾಲುಗಳ ಸೊಪ್ಪನ್ನು ಬೇಗ ಕೊಯ್ದು ಒಳಗಿಟ್ಟುಕೊಳ್ಳುತ್ತಾರೆ. ಆಮೇಲೆ ಹದಿನೈದು ದಿನ ಆ ಸಾಲುಗಳಿಗೆ ಕುಡುಗೋಲು ಹಾಕುವುದಿಲ್ಲ. ಗಾಳಿಯಲ್ಲಿ ತೂರಿಬಂದ ಔಷಧಿ ಬಿದ್ದ ಎಲೆ ತಿಂದರೆ ಹುಳು ಉಳಿಯುವುದಿಲ್ಲ. ಮನೆಮನೆಗೆ ಫೋನ್ ಬಂದ ಮೇಲೂ ಈ ಕೂಗು ಮಾತ್ರ ನಿಂತಿಲ್ಲ. ಕೂಗು ಬಂದಿಲ್ಲ ಅಂದರೆ ಸೊಪ್ಪು ಚೆನ್ನಾಗಿದೆ ಅಂತಲೇ ಅರ್ಥ.

ಈಗ ನನ್ನ ಹೊಟ್ಟೆಕಿಚ್ಚಿನ ವಿಷಯಕ್ಕೆ ಬರುತ್ತೇನೆ.

ನಮ್ಮೂರಲ್ಲಿ ಕಥೆ ಅಂದರೆ ಸರೋಜಕ್ಕ, ಸರೋಜಕ್ಕ ಅಂದರೆ ನಾನು. ಅವರೆಕಾಯಿ ಕಾಲದಲ್ಲಿ ಯಾರ ಮನೆಯ ಜಗಲಿಯಲ್ಲಿ ಕಾಯಿ ಸುಲಿಯಲು ಕೂತರೂ ನನಗೆ ಹೇಳಿಕಳಿಸುತ್ತಾರೆ. ನನ್ನ ಕೈ ಸುಲಿಯುವುದಕ್ಕಿಂತ ಬಾಯಿ ಸುಲಿಯುವುದು ಜಾಸ್ತಿ ಅಂತ ಅವರಿಗೂ ಗೊತ್ತು. ಅದೆಲ್ಲ ನಮ್ಮಜ್ಜಿ ಕೊಟ್ಟಿದ್ದು. ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಅಜ್ಜಿ ಕಥೆ ಹೇಳುತ್ತಿದ್ದಳು. ಶುರು ಮಾಡುವ ಮುಂಚೆ ತಪ್ಪದೆ, "ಹೂಂ ಅಂತೀಯಾ? ಅಂದ್ರೆ ಹೇಳ್ತೀನಿ. ನಿನ್ ಹೂಂ ನಿಂತ್ರೆ ನನ್ ಕಥೇನೂ ನಿಂತೋಯ್ತು, ನೋಡ್ಕೋ" ಅನ್ನುತ್ತಿದ್ದಳು. ನಾನೂ ಹಾಗೆಯೇ ಶುರು ಮಾಡುತ್ತೇನೆ. ಊರಿನ ಮಕ್ಕಳೆಲ್ಲ ಆ ಮಾತು ಕೇಳಿಯೇ ಬೆಳೆದವರು.

ಹೀಗಿರುವಾಗ ಸಿನಿಮಾ ಮಾಡಲು ಹೊರಟವಳು ಸುಧಾ! ಮದುವೆಗೆ ಮುಂಚೆ ಕೋಲಾರದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋಗಳನ್ನು ಜೋಡಿಸುತ್ತಿದ್ದವಳು. ಮಾತು ಕಮ್ಮಿ. ಹತ್ತು ಕೇಳಿದರೆ ಒಂದು ಹೇಳುವವಳು. ಇವಳೇನು ಕಥೆ ಹೇಳುತ್ತಾಳೆ ಅಂದುಕೊಂಡೆ. ಕಥೆಯಾದರೂ ಏನು? ಒಬ್ಬ ಹೆಂಗಸು, ಅವಳ ಅತ್ತೆ, ಒಂದು ಬೆಳೆ ರೇಷ್ಮೆ. ಹುಳು ಮನೆಗೆ ಬಂದ ದಿನದಿಂದ ಗೂಡು ಕಟ್ಟುವ ದಿನದವರೆಗೆ. ಹಾಡಿಲ್ಲ, ಹೊಡೆದಾಟವಿಲ್ಲ.

"ಇದನ್ನ ಯಾರು ನೋಡ್ತಾರೆ ಕಣೇ? ನಾವು ದಿನಾ ನೋಡಲ್ವಾ?" ಅಂದೆ.

"ನೋಡ್ತೀವಿ ಅಕ್ಕಾ, ಆದ್ರೆ ನೋಡಲ್ಲ" ಅಂದಳು. ಅದೇನು ಮಾತೋ! ನನಗೆ ಇನ್ನೂ ಉರಿಯಿತು.

ಅವಳ ಜೊತೆ ಮಾಲೂರಿನ ಹರೀಶ ಅನ್ನುವ ಕ್ಯಾಮೆರಾಮನ್, ಇನ್ನಿಬ್ಬರು ಗೆಳತಿಯರು. ಅಷ್ಟೇ ಜನ. ಅವಳ ಕಟ್ಟುನಿಟ್ಟು ಮಾತ್ರ ಹೇಳತೀರದು. ಹುಳುವಿಗೆ ಸೊಪ್ಪು ಹಾಕುವ ಹೊತ್ತಾದರೆ ಅರ್ಧ ತೆಗೆದ ದೃಶ್ಯವನ್ನೂ ಬಿಟ್ಟು ಎದ್ದುಬಿಡುವಳು. ಹುಳುಮನೆಯೊಳಗೆ ದೊಡ್ಡ ಲೈಟು ಕೂಡದು, ಹುಳುವಿಗೆ ಶಾಖ ತಾಗುತ್ತದೆ. "ಹತ್ತಿರದಿಂದ ತೋರಿಸೋಕೆ ಬೇರೆ ಕಡೆಯಿಂದ ಒಳ್ಳೆ ಹುಳು ತರೋಣ" ಅಂತ ಹರೀಶ ಅಂದರೆ, "ನಮ್ಮನೆ ಹುಳು ಈ ಇಪ್ಪತ್ತೈದು ದಿನದಲ್ಲಿ ಏನಾಗುತ್ತೋ ಅದೇ ಸಿನಿಮಾ. ಅವು ಕೆಟ್ರೆ ಸಿನಿಮಾನೂ ಕೆಟ್ಟಂಗೆ" ಅಂತ ಬಾಯಿ ಮುಚ್ಚಿಸಿದಳು.

ಬೆಂಗಳೂರಿನಿಂದ ಒಬ್ಬರು ಬಂದಿದ್ದರು, ಸಿನಿಮಾಗೆ ಹಣ ಹಾಕುವವರಂತೆ. ನಮ್ಮ ಜಗಲಿ ಮೇಲೆ ಕೂತರು. ನಾನೂ ಒಳ್ಳೆ ಸೀರೆ ಉಟ್ಟು, ಮಾತಿನ ನಡುವೆ ಅಜ್ಜಿಯ ಒಂದು ಕಥೆ ತೆಗೆದೆ. ಅವರು ನನ್ನನ್ನು ನೋಡಿ, "ಅಮ್ಮಾ, ಇನ್ನೊಂದು ಟೀ ಸಿಗುತ್ತಾ? ಸಕ್ಕರೆ ಕಮ್ಮಿ" ಅಂದರು. ನನ್ನ ಕಥೆ ಅಲ್ಲೇ ನಿಂತಿತು. ಆಮೇಲೆ ಅವರು ಸುಧಾಗೆ ಹೇಳಿದ್ದು ಇಷ್ಟು: ಈ ತೆಲುಗು ಬೆರೆತ ಮಾತು ಬೇಡ, ಬೆಂಗಳೂರು ಕನ್ನಡ ಮಾತಾಡಿಸಿ. ಹೆಸರಿರುವ ನಟಿಯನ್ನು ಹಾಕಿ. ತೋಟದಲ್ಲಿ ಒಂದು ಹಾಡಿಡಿ. ಸುಧಾ ಯೋಚನೆಯನ್ನೂ ಮಾಡಲಿಲ್ಲ. "ನಮ್ಮೋರು ಹಂಗೆ ಮಾತಾಡಲ್ಲ ಸರ್" ಅಂದಳು. ಅವರು ಕಾರು ಹತ್ತಿದರು.

ನಿಜ ಹೇಳುತ್ತೇನೆ, ಕಾರು ತಿರುಗಿದ್ದು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಇನ್ನು ನಿಂತಿತು ಇವಳ ಸಿನಿಮಾ ಅಂದುಕೊಂಡೆ. ಆದರೆ ಮಾರನೆಯ ದಿನ ಬೆಳಿಗ್ಗೆ ಅವಳು ಎಂದಿನಂತೆ ಕ್ಯಾಮೆರಾ ಹೊತ್ತುಕೊಂಡು ತೋಟಕ್ಕೆ ಹೋದಳು. "ಮದುವೆ ವಿಡಿಯೋ ಮಾಡಿ ಇದನ್ನ ಸಾಕ್ತೀನಿ, ಎಮ್ಮೆ ಸಾಕಿದಂಗೆ" ಅಂದಳಂತೆ ಮೈದುನನ ಹತ್ತಿರ.

ಅತ್ತೆಯ ಪಾತ್ರಕ್ಕೆ ನನ್ನನ್ನು ಕರೆಯುತ್ತಾಳೆ ಅಂತ ಆಸೆಯಿಂದ ಇದ್ದೆ. ಕರೆದಿದ್ದು ಎದುರುಮನೆ ಚಿನ್ನಕ್ಕನನ್ನು. ನಾಲ್ಕು ಮಾತು ನೆಟ್ಟಗೆ ಆಡಲು ಬಾರದ ಚಿನ್ನಕ್ಕ! ಒಂದು ಸಂಜೆ ಸುಧಾ ನನ್ನ ಹತ್ತಿರವೂ ಬಂದಳು. "ಅಕ್ಕಾ, ನಿನ್ನ ಹತ್ರ ಒಂದೇ ಒಂದು ಕೇಳ್ಕೋಬೇಕಿತ್ತು" ಅಂದಾಗ ಪಾತ್ರದ ವಿಷಯವೇ ಇರಬೇಕು ಅಂತ ಸೆರಗು ಸರಿಮಾಡಿಕೊಂಡೆ. "ಟೊಮೇಟೊಗೆ ಔಷಧಿ ಹೊಡೆಸೋ ಮುಂಚೆ ಮರೀದೆ ಒಂದು ಕೂಗು ಹಾಕು. ಈ ಬೆಳೆ ಮಾತ್ರ ಕೈ ತಪ್ಪಬಾರದು."

ಇಪ್ಪತ್ತು ವರ್ಷದಿಂದ ನಾನು ಹಾಕುತ್ತಿರುವ ಕೂಗನ್ನು ಇವಳು ನನಗೆ ನೆನಪಿಸಬೇಕಾ? "ಆಯ್ತಮ್ಮಾ" ಅಂದೆ. ಮುಖ ಬೇರೆ ಕಡೆ ತಿರುಗಿಸಿಕೊಂಡು.

ಹುಳುಗಳು ನಾಲ್ಕನೇ ಜ್ವರ ಎದ್ದವು. ಹುಳು ಪೊರೆ ಬಿಡುವುದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕನೆಯದು ಎದ್ದ ಮೇಲೆ ಒಂದು ವಾರ ಬಿಡುವಿಲ್ಲದೆ ತಿಂದು ಗೂಡಿಗೆ ಹಣ್ಣಾಗುತ್ತವೆ. ಇನ್ನು ಎರಡು ಮೂರು ದಿನ ಇದೆ ಅನ್ನುವಾಗ, ಒಂದು ಬೆಳಿಗ್ಗೆ ನಾನು ತೋಟದಲ್ಲಿದ್ದೆ. ಟೊಮೇಟೊ ಗಿಡದ ಎಲೆ ಮುದುಡಲು ಶುರುವಾಗಿತ್ತು, ಔಷಧಿ ಹೊಡೆಯಲು ಮುನಿರಾಜುಗೆ ಬರಹೇಳಿದ್ದೆ. ನಮ್ಮ ಮನೆಯವರು ಟೆಂಪೊದಲ್ಲಿ ಹಣ್ಣು ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗಿದ್ದರು.

ಬದುವಿನಾಚೆ ಚಿತ್ರೀಕರಣ ನಡೆದಿತ್ತು. ಕೂಗಬೇಕು ಅಂತಲೇ ಬದು ಹತ್ತಿದೆ. ಆಗ ಕೇಳಿಸಿತು. ಚಿನ್ನಕ್ಕ ಕ್ಯಾಮೆರಾ ಮುಂದೆ ಕೂತು, ಬಾಯಿಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದಳು: "ಹೂಂ ಅಂತೀಯಾ? ಅಂದ್ರೆ ಹೇಳ್ತೀನಿ..."

ನನ್ನ ಅಜ್ಜಿಯ ಮಾತು. ನನ್ನ ಮಾತು. ಚಿನ್ನಕ್ಕನ ಬಾಯಲ್ಲಿ.

ಬದುವಿನಿಂದ ಇಳಿದುಬಿಟ್ಟೆ. ಅವರು ಕ್ಯಾಮೆರಾ ಎತ್ತಿಕೊಂಡು ಹುಳುಮನೆ ಕಡೆಗೆ ಹೋದ ಮೇಲೆ ಮುನಿರಾಜು ಬಂದ. ಬೆನ್ನಿಗೆ ಟ್ಯಾಂಕು ಕಟ್ಟಿಕೊಳ್ಳುತ್ತಾ, "ಅಕ್ಕಾ, ಆ ಕಡೆ ಕೂಗಿದ್ದೀಯಾ?" ಅಂದ.

"ಹೂಂ, ಕೂಗಿದ್ದೀನಿ. ಹೊಡಿ ನೀನು" ಅಂದೆ.

ಗಾಳಿ ಆ ಕಡೆಗೇ ಇತ್ತು. ನನ್ನ ಕೈಯಾರೆ ಔಷಧಿ ಕಲೆಸಿಕೊಟ್ಟೆ. ಆ ಪಕ್ಕದ ಸಾಲು ಇವತ್ತು ಕೊಯ್ಯಲಿಕ್ಕಿಲ್ಲ, ಬೇರೆ ಸಾಲು ಬೇಕಾದಷ್ಟಿದೆ ಅಂತ ನನಗೆ ನಾನೇ ಹೇಳಿಕೊಂಡೆ.

ನಾಲ್ಕು ಗಂಟೆಗೆ ತೋಟದ ಕೊಟ್ಟಿಗೆ ಹತ್ತಿರ ಎಮ್ಮೆಗೆ ನೀರಿಟ್ಟು ನಿಂತಿದ್ದೆ. ಚಿನ್ನಕ್ಕ ಸಿನಿಮಾದ ದೃಶ್ಯಕ್ಕೆ ಅಂತ ಬದುವಿನ ಪಕ್ಕದ ಸಾಲಿನಿಂದಲೇ ಸೊಪ್ಪಿನ ಹೊರೆ ಹೊತ್ತುಕೊಂಡು ಹೋಗುತ್ತಿದ್ದಳು. ಹಿಂದೆ ಇನ್ನೊಂದು ಹೊರೆ ಕಟ್ಟಿಟ್ಟಿತ್ತು.

ನಾನು ತಕ್ಷಣ ಓಡಲಿಲ್ಲ. ಎರಡು ವರ್ಷ ಆದರೂ ನನ್ನನ್ನು ತಿನ್ನುವುದು ಅದೇ. ಎಮ್ಮೆ ಬಾನಿ ನೀರು ಪೂರ್ತಿ ಕುಡಿಯುವಷ್ಟು ಹೊತ್ತು ನಿಂತೇ ಇದ್ದೆ. ಎಮ್ಮೆ ಮುಖ ಎತ್ತಿ ನನ್ನ ಕಡೆ ನೋಡಿತು. ಆಗ ಓಡಿದೆ.

ಹುಳುಮನೆ ಬಾಗಿಲಲ್ಲಿ ಸುಣ್ಣದ ಪುಡಿ ಹರಡಿತ್ತು. ಕಾಲು ತೊಳೆಯದೆ ಯಾರೂ ಒಳಗೆ ಹೋಗುವ ಹಾಗಿಲ್ಲ. ನನ್ನ ಕೈಯಲ್ಲಿ, ಸೀರೆಯಲ್ಲಿ ಔಷಧಿ. ನಾನು ಒಳಗೆ ಹೋದರೆ ಅದೂ ವಿಷವೇ. ಹೊಸಿಲಾಚೆ ನಿಂತು ನನ್ನ ಜೀವ ಎಲ್ಲ ಗಂಟಲಿಗೆ ತಂದುಕೊಂಡು ಕೂಗಿದೆ.

"ಸುಧಾ! ಆ ಸೊಪ್ಪು ಹಾಕ್ಬೇಡ್ರೇ! ಔಷಧಿ ಹೊಡೆಸಿದ್ದೀನಿ! ನಾನು ಕೂಗ್ಲಿಲ್ಲ ಕಣೇ, ಬೇಕಂತಲೇ ಕೂಗ್ಲಿಲ್ಲ!"

ಒಳಗೆ ದಡಬಡ ಸದ್ದು. "ಏಮೈಂದೇ, ಏಮೈಂದಿ?" ಏನಾಯಿತು ಅಂತ ಚಿನ್ನಕ್ಕ ಗಾಬರಿಯಿಂದ ತೆಲುಗಿನಲ್ಲಿ ಕೇಳುತ್ತಿದ್ದಳು. "ತೆಗೀರಿ, ತೆಗೀರಿ, ಮೇಲಿನ ಸೊಪ್ಪೆಲ್ಲ ತೆಗೀರಿ!" ಅಂತ ಸುಧಾ. ಕ್ಯಾಮೆರಾಗೆ ಕಣ್ಣಿಟ್ಟಿದ್ದ ಹರೀಶನೂ ಅದನ್ನು ಹಾಗೇ ಬಿಟ್ಟು ಸೊಪ್ಪು ತೆಗೆಯಲು ಓಡಿದನಂತೆ.

ಆ ಹೊತ್ತಿಗೆ ಹುಳು ಸಾಕುವ ಹತ್ತು ಸ್ಟ್ಯಾಂಡುಗಳಲ್ಲಿ ಒಂದರ ಹುಳುಗಳಿಗೆ ಸೊಪ್ಪು ಬಿದ್ದಾಗಿತ್ತು. ಹೊತ್ತು ಮುಳುಗುವುದರೊಳಗೆ ಅವು ತಲೆ ಎತ್ತಿ ಹೊರಳಾಡಿ ಹಸಿರು ಕಕ್ಕಿದವು. ಒಂದು ಸ್ಟ್ಯಾಂಡ್ ಹೋಯಿತು. ಉಳಿದ ಒಂಬತ್ತು ಉಳಿದವು. ಆದರೆ ಅಷ್ಟು ಸಾಲು ಕೊಯ್ಯುವ ಹಾಗಿಲ್ಲದೆ ಕೊನೆಯ ದಿನಗಳಿಗೆ ಸೊಪ್ಪು ಸಾಲದು. ಹೊಟ್ಟೆಗಿಲ್ಲದಿದ್ದರೆ ಹುಳು ಗೂಡು ಕಟ್ಟುವುದಿಲ್ಲ.

ಸುಧಾ ಹೊರಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಯಾಕಕ್ಕಾ?" ಅಂದಳು, ಅಷ್ಟೆ.

"ನಮ್ಮಜ್ಜಿ ಮಾತು ಆ ಚಿನ್ನಕ್ಕನ ಬಾಯಿಗೆ ಹಾಕಿದ್ಯಲ್ಲೇ! ಕಥೆ ಹೇಳೋಳು ನಾನು. ನನ್ನನ್ನ ಒಂದು ಮಾತು ಕೇಳಿದ್ಯಾ?" ಅಂದುಬಿಟ್ಟೆ. ಅಳುವೂ ಬಂತು.

"ಕೇಳಬೇಕಿತ್ತು. ನಮ್ಮನೇದೇ ಅಲ್ವಾ ಅಂದ್ಕೊಂಡೆ. ನನ್ನದೂ ತಪ್ಪೇ" ಅಂದಳು. ಆಮೇಲೆ ಕಣ್ಣೊರೆಸಿಕೊಂಡು, "ಪಾತ್ರಕ್ಕೆ ನಿನ್ನನ್ನ ಯಾಕೆ ಕರೀಲಿಲ್ಲ ಗೊತ್ತಾ? ಆ ಅತ್ತೆ ಸಿನಿಮಾ ಪೂರ್ತಿ ಹತ್ತು ಮಾತು ಆಡ್ಬೇಕು. ನಿನ್ ಕೈಲಿ ಆಗುತ್ತಾ?" ಅಂದಳು. ಅಂಥ ಹೊತ್ತಿನಲ್ಲೂ ಚಿನ್ನಕ್ಕ ಕಿಸಕ್ಕನೆ ನಕ್ಕಳು.

ಮಾರನೆಯ ದಿನ ಬೆಳಕು ಹರಿಯುವ ಮುಂಚೆ ತಲೆಗೆ ನೀರು ಹಾಕಿಕೊಂಡೆ. ನಮ್ಮ ಮನೆಯವರಿಂದ ಟೆಂಪೊವನ್ನು ಎರಡು ಸಲ ತೊಳೆಸಿ, ಶ್ರೀನಿವಾಸಪುರದ ಕಡೆ ಇರುವ ನನ್ನ ತವರಿಗೆ ಹೊರಟೆವು. ಅಲ್ಲಿ ತಮ್ಮನದೂ ಹಿಪ್ಪುನೇರಳೆ ತೋಟ. "ಏನಕ್ಕಾ, ನಿಮ್ಮೂರಲ್ಲಿ ಸೊಪ್ಪಿಗೆ ಬರವಾ?" ಅಂದ. ದಾರಿಯುದ್ದಕ್ಕೂ ಒಂದು ಸುಳ್ಳು ಹೆಣೆದುಕೊಂಡಿದ್ದೆ. ಅವನ ಮುಖ ನೋಡಿದ ಮೇಲೆ ಹೇಳಲಾಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಹೋಗಿ ಕುಡುಗೋಲು ತಂದ. ಮೂರು ದಿನ ಹಾಗೆ ಓಡಾಡಿದೆವು. ತಂದ ಸೊಪ್ಪನ್ನು ಸುಧಾ ಮೊದಲು ಹತ್ತು ಹುಳುವಿಗೆ ಹಾಕಿ, ಕಾದು ನೋಡಿ, ಆಮೇಲೆ ಉಳಿದವಕ್ಕೆ ಹಾಕುತ್ತಿದ್ದಳು. ನನ್ನ ಕಣ್ಣೆದುರೇ. ಅನುಮಾನ ಪಡುವ ಹಕ್ಕು ಅವಳಿಗಿತ್ತು.

ಹುಳು ಹಣ್ಣಾದವು, ಗೂಡು ಕಟ್ಟಿದವು. ಅವಳ ಕೊನೆಯ ದೃಶ್ಯವೂ ಆಯಿತು.

ಎರಡು ತಿಂಗಳ ಮೇಲೆ ಸುಧಾ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಅಡುಗೆಮನೆಗೆ ಬಂದಳು. "ಅಕ್ಕಾ, ಇದನ್ನ ಕೇಳು." ಹುಳುಮನೆಯ ದೃಶ್ಯ. ಹುಳುಗಳು ಎಲೆ ಮೇಯುವ ಸದ್ದು, ಸಣ್ಣ ಮಳೆ ಬಿದ್ದ ಹಾಗೆ. ಅದರ ನಡುವೆ ಹೊರಗಿನಿಂದ ನನ್ನ ಕೂಗು. ಆ ದಿನ ಕ್ಯಾಮೆರಾ ನಡೆಯುತ್ತಲೇ ಇತ್ತಂತೆ.

"ಹರೀಶ ಇದೇ ಇರಲಿ ಅಂತಾನೆ. ನಾನು ನಿನ್ನ ಕೇಳದೆ ಇಡಲ್ಲ. ಬೇಡ ಅಂದ್ರೆ ಈ ದೃಶ್ಯಾನೇ ತೆಗೀತೀನಿ. ಇಲ್ಲಾಂದ್ರೆ 'ಹಾಕ್ಬೇಡ್ರೇ' ವರೆಗೆ ಮಾತ್ರ ಇಟ್ಟು, ಮುಂದಿನ ಮಾತು ಕತ್ತರಿಸ್ತೀನಿ. ನೀನು ಹೆಂಗೆ ಹೇಳಿದ್ರೆ ಹಂಗೆ."

ಮುಂದಿನ ಮಾತು ಅಂದರೆ ಬೇಕಂತಲೇ ಕೂಗಲಿಲ್ಲ ಅನ್ನುವುದು. ಅದು ಉಳಿದರೆ ಊರಿಗೆಲ್ಲ, ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಸಾರು ಒಲೆ ಮೇಲೆ ಉಕ್ಕಿತು, ನಾನು ಇಳಿಸಲಿಲ್ಲ.

"ಪೂರ್ತಿ ಇಡು" ಅಂದೆ. "ಕಥೆ ಅರ್ಧಕ್ಕೆ ನಿಲ್ಲಿಸಿ ನನಗೆ ಅಭ್ಯಾಸ ಇಲ್ಲ."

ಕೋಲಾರದ ಒಂದು ಕಾಲೇಜಿನ ಸಭಾಂಗಣದಲ್ಲಿ ಸಿನಿಮಾ ತೋರಿಸಿದರು. ಚಿನ್ನಕ್ಕ ತೆರೆಯ ಮೇಲೆ ಎಷ್ಟು ಚೆನ್ನಾಗಿ ಸುಮ್ಮನಿದ್ದಳು ಅಂದರೆ ನನಗೇ ಕಣ್ಣು ತುಂಬಿತು. ಆಮೇಲೆ ನನ್ನ ಕೂಗು ಬಂತು. ಪಕ್ಕದ ಸೀಟಿನ ಹುಡುಗಿಯೊಬ್ಬಳು ಗೆಳತಿಗೆ, "ಥೂ, ಎಂಥ ಹೆಂಗಸು!" ಅಂದಳು. ನಾನು ಮಾತಾಡಲಿಲ್ಲ. ಬಹುಶಃ ಜೀವನದಲ್ಲಿ ಮೊದಲ ಸಲ.

ಕೊನೆಗೆ ಹೆಸರುಗಳು ಬಂದವು. ಕಥೆಯ ಮಾತು ಅಂತ ಒಂದು ಸಾಲು, ಅದರಲ್ಲಿ ನನ್ನ ಅಜ್ಜಿಯ ಹೆಸರು, ಅದರ ಪಕ್ಕ ನನ್ನದು. ಅದಾದ ಮೇಲೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿ ಸುಧಾಳನ್ನು ಸುತ್ತಿಕೊಂಡರು. ಹೊಟ್ಟೆಕಿಚ್ಚು ಹೋಯಿತಾ ಅಂತ ನೀವು ಕೇಳಬಹುದು. ಇಲ್ಲ. ಆ ಚಪ್ಪಾಳೆಯ ಹೊತ್ತಿನಲ್ಲೂ ಚುರುಕ್ ಅಂದಿತು, ಇವತ್ತಿಗೂ ಅನ್ನುತ್ತದೆ. ಆದರೆ ಈಗ ಅದು ನನ್ನ ಬಾಯಿ ಕಟ್ಟುವುದಿಲ್ಲ.

ಈಗಲೂ ಔಷಧಿ ಹೊಡೆಸುವ ದಿನ ನಾನೇ ಬದು ಹತ್ತುತ್ತೇನೆ. ಒಂದಲ್ಲ, ಮೂರು ಸಲ ಕೂಗುತ್ತೇನೆ. ಮುನಿರಾಜು, "ಸಾಕು ಅಕ್ಕಾ, ಆಂಧ್ರಕ್ಕೇ ಕೇಳಿಸ್ತು" ಅಂತ ರೇಗಿಸುತ್ತಾನೆ. ಆದರೂ ನಾನು ಇಳಿಯುವುದಿಲ್ಲ. ಹಿಪ್ಪುನೇರಳೆ ಸಾಲುಗಳ ಒಳಗೆಲ್ಲಿಂದಲೋ ಸುಧಾ "ಹೂಂ ಅಕ್ಕಾ" ಅನ್ನುವವರೆಗೆ ಅಲ್ಲೇ ನಿಂತಿರುತ್ತೇನೆ.