ಕಾಕಾನ ಕೆಂಪು, ನನ್ನ ಬ್ಯಾಟ್ರಿ

ನನ್ನ ಚೀಲದಾಗ ಹಗಲು ಹನ್ನೆರಡಕ್ಕೂ ಒಂದು ಬ್ಯಾಟ್ರಿ, ಅಂದ್ರ ಟಾರ್ಚು, ಇರತೈತಿ. ಬೀಗರ ಮನ್ಯಾಗ, ಮದವಿ ಮಂಟಪದಾಗ, ದವಾಖಾನ್ಯಾಗ, ಎಲ್ಲಿ ಚೀಲಕ್ಕ ಕೈ ಹಾಕಿದ್ರೂ ಕರವಸ್ತ್ರಕ್ಕಿಂತ ಮೊದಲು ಅದ ಹೊರಗ ಬರತೈತಿ. ನೋಡಿದವ್ರು ಈಕಿಗೆ ಏನಾಗೈತ್ರಿ ಅಂತ ನಮ್ಮನಿಯವ್ರನ್ನ ಕೇಳತಾರ. ಅವರು ನಕ್ಕು ಸುಮ್ಮನಾಗತಾರ, ಯಾಕಂದ್ರ ಈ ಹುಚ್ಚು ಹಚ್ಚಿದವ್ರ ಅವರು.

ನಾವಿರೋದು ಬಾಗಲಕೋಟಿ ನವನಗರದಾಗ. ನಾ ಮನ್ಯಾಗ ಕುಂತು ಇಳಕಲ್ಲ ಸೀರಿ ಮಾರತೇನಿ. ವಿದ್ಯಾಗಿರಿ ಕಾಲೇಜಿನ ಮೇಡಮ್ಮೋರ ನನ್ನ ಗಿರಾಕಿಗಳು. ಅವರಿಗೆ ಸೀರಿ ತೋರಸೂದಂದ್ರ ಪರೀಕ್ಷಾಕ್ಕ ಕುಂತಂಗ. ಒಂದು ಎಳಿ ಹೆಚ್ಚುಕಮ್ಮಿ ಆದ್ರೂ ಕನ್ನಡಕ ಏರಿಸಿ ನೋಡತಾರ. ಅದಕ್ಕ ತಿಂಗಳಿಗೆ ಎರಡು ಸಲ ಹುನಗುಂದಕ್ಕ ಹೋಗಿ, ಅಲ್ಲಿ ಬಸ್ ಬದಲಿ ಮಾಡಿ ಇಳಕಲ್ಲಿಗೆ ಹೋಗತೇನಿ. ಸೀರಿ ಮಗ್ಗದ ಮ್ಯಾಲ ಇದ್ದಾಗನ ತಪ್ಪು ಹಿಡದು ಬರಬೇಕು.

ಇಪ್ಪತ್ತು ವರ್ಷದಿಂದ ನನಗ ನೇಯ್ದು ಕೊಡೋರು ಒಬ್ಬರ ಕಾಕಾ. ಸ್ವಂತ ಕಾಕಾ ಅಲ್ಲ, ಆದ್ರ ಸ್ವಂತದವ್ರಿಗಿಂತ ಹೆಚ್ಚು ಬೈದಾರ. ಅವರ ಮಗ್ಗ ನೆಲದಾಗ ತಗ್ಗು ತೋಡಿ ಕೂಡಿಸಿದ್ದು. ತಗ್ಗಿನ್ಯಾಗ ಕಾಲು ಇಳಿಬಿಟ್ಟು ಕುಂತು ನೇಯಬೇಕು. ಆ ಖೋಲಿಗೆ ಇರೋದು ಅಂಗೈಯಷ್ಟು ಕಿಡಕಿ. ಕರೆಂಟ್ ಹೋತಂದ್ರ ನಡುಮಧ್ಯಾಹ್ನನೂ ಕಣ್ಣಿಗೆ ಬಟ್ಟಿ ಕಟ್ಟಿದಂಗ.

ಫೋನಿನ ಲೈಟು ಸಾಲದೇನು ಅಂತೀರಿ. ಸೀರಿ ಮ್ಯಾಲ ಫೋನ್ ಹಿಡದ ಹೊತ್ತಿಗೆ ಸರಿಯಾಗಿ ನಮ್ಮತ್ತಿ ಫೋನ್ ಮಾಡತಾರ. ಅದರ ಮ್ಯಾಲ ಕಾಕು, ಅಂದ್ರ ಕಾಕಾನ ಹೆಂಡತಿ, ಇಕಿ ವಿಡಿಯೋ ತಗೀತಾಳ ಅಂತ ತಲಿಮ್ಯಾಲ ಸೆರಗು ಹೊದ್ದು ಎದ್ದು ಹೋಗತಿದ್ರು. ಹಿಂಗಾಗಿ ಒಂದು ಸಣ್ಣ ಬ್ಯಾಟ್ರಿ ಬೇಕಾತು.

ಬ್ಯಾಟ್ರಿ ಆರಸೂದು ಗಂಡಸರ ಕೆಲಸ ಅಂತ ನಮ್ಮನಿಯವ್ರು ತಾವ ಮುಂದ ಬಂದ್ರು. ಅವರ ಪ್ರಕಾರ ಬ್ಯಾಟ್ರಿಗೆ ಇರಬೇಕಾದ ಗುಣ ಒಂದ, ಬೆಳಕು ದೂರ ಹೋಗಬೇಕು. ಮೊದಲನೇದು ಚಪಾತಿ ಲಟ್ಟಣಿಗಿಯಷ್ಟು ಉದ್ದಂದು ತಂದ್ರು. ಮಾಳಿಗಿ ಮ್ಯಾಲ ನಿಂತು ನಾಕು ಮನಿ ಆಚಿ ಇದ್ದ ನೀರಿನ ಟಾಕಿಗೆ ಬೆಳಕು ಬಿಟ್ಟು, ಅದರ ಮ್ಯಾಲ ಬರದಿದ್ದನ್ನ ಓದಿ ತೋರಿಸಿದ್ರು. ನಾ ನೋಡಬೇಕಾದ್ದು ಸೀರಿ, ಟಾಕಿ ಅಲ್ಲ ಅಂದೆ. ಅದನ್ನ ಚೀಲದಾಗ ಇಟ್ಕೊಂಡು ಬಸ್ ಹತ್ತಿದ್ರ ಬಾಜೂಕ ಕುಂತಾಕಿ ಮೆಲ್ಲಕ ಸರದು ಕುಂತ್ಲು.

ಎರಡನೇದು ಸಣ್ಣದಿತ್ತು, ಆದ್ರ ಭಾಳ ಶಾಣ್ಯಾ. ಒಮ್ಮಿ ಒತ್ತಿದ್ರ ದೊಡ್ಡ ಬೆಳಕು, ಎರಡು ಸಲ ಒತ್ತಿದ್ರ ಸಣ್ಣ ಬೆಳಕು, ಮೂರನೇ ಸಲಕ್ಕ ಅಂಬುಲೆನ್ಸ್ ಹಂಗ ಮಿಣಿಮಿಣಿ. ನಾ ಹೆಂಗ ಒತ್ತಿದ್ರೂ ಅದು ಮಿಣಿಮಿಣಿನ ಆಗತಿತ್ತು. ಬಾದಾಮಿಗೆ ಅಕ್ಕನ ಮನಿಗೆ ಹೋದಾಗ ಗುಹಿ ಮೆಟ್ಟಲ ಮ್ಯಾಲ ಒಂದು ಮಂಗ್ಯಾ ನನ್ನ ಚೀಲಕ್ಕ ಕೈ ಹಾಕಿ, ಬಾಳಿಹಣ್ಣು ಬಿಟ್ಟು ಅದನ್ನ ಒಯ್ತು. ಕಲ್ಲಿನ ಮ್ಯಾಲ ಕುಂತು ಕಡದು ನೋಡ್ತು. ಅದು ಮಿಣಿಮಿಣಿ ಅಂದಕೂಡ್ಲೆ ಬೆದರಿ ಕೆಳಗ ಒಗದು ಓಡ್ತು. ಆರಿಸೂದ್ರಾಗ ನಮ್ಮನಿಯವ್ರಿಗಿಂತ ಮಂಗ್ಯಾನ ವಾಸಿ ಅನಿಸ್ತು ನನಗ.

ಮೂರನೇದು ಖರೆ ಚಲೋ ಇತ್ತು. ಹೆಬ್ಬಟ್ಟಿಗಿಂತ ಒಂಚೂರು ದಪ್ಪ, ಒಂದ ಬಟನ್ನು, ಫೋನಿನ ವಯರಿನಿಂದನ ಚಾರ್ಜು. ಹಚ್ಚಿದ್ರ ಕಣ್ಣು ಕುಕ್ಕುವಂಥ ಬೆಳಕು, ಒಂದೀಟು ನೀಲಿ ಹೊಡೀತಿತ್ತು. ಇದರ ಮುಂದ ಏನೂ ಮುಚ್ಚಿಡಾಕ ಆಗೂದಿಲ್ಲ ನೋಡು ಅಂದ್ರು ನಮ್ಮನಿಯವ್ರು. ಮದವಿಯಾದ ಮ್ಯಾಲ ಅವರ ಮಾತು ನಾ ನಂಬಿದ್ದು ಅದೊಂದ ಸಲ, ಕೆಟ್ಟಿದ್ದೂ ಅಲ್ಲೇ.

ಅದ ದಿನಮಾನದಾಗ ಒಬ್ಬ ಮೇಡಮ್ಮೋರು ತಮ್ಮ ತಾಯಿ ಸೀರಿ ತುಂಡು ತಂದು ಕೊಟ್ಟಿದ್ರು. ತಾಯಿ ತೀರಿಕೊಂಡಿದ್ರು, ಸೀರಿ ಚಿಂದಿ ಆಗಿತ್ತು, ಸೆರಗಿನ ಒಂದು ಅಂಗೈಯಷ್ಟು ಅರಿವಿ ಉಳದಿತ್ತು. ಇದ ಕೆಂಪಿನ ಸೆರಗು ಬೇಕು, ಸ್ವಲ್ಪನೂ ಆಚೀಚಿ ಆಗಬಾರದು ಅಂದಿದ್ರು. ಕಾಕಾ ಆ ತುಂಡು ಇಟ್ಕೊಂಡು ಎಂಟು ದಿನ ಬಣ್ಣ ಹುಡುಕಿದ್ರು. ಬಣ್ಣದ ಬಗ್ಗೆ ಅವರದೊಂದು ಪದ್ಧತಿ ಇತ್ತು. ಮುಂಜಾನಿ ಹತ್ತರ ಬಿಸಲಾಗ, ಮನಿ ಮುಂದಿನ ಕಟ್ಟಿ ಮ್ಯಾಲ ನೋಡಬೇಕು, ಮತ್ತೆಲ್ಲೂ ಅಲ್ಲ. ಮಗ್ಗದ ಖೋಲ್ಯಾಗ ಬಣ್ಣದ ಮಾತು ಎತ್ತಿದ್ರ ಇಲ್ಲಿ ಎಳಿ ನೋಡು, ಬಣ್ಣ ಹೊರಗ ಅಂತಿದ್ರು. ಇಪ್ಪತ್ತು ವರ್ಷ ಆ ಮಾತು ಕೇಳಿದಾಕಿ ನಾ.

ಇಳಕಲ್ಲ ಸೀರಿಗೆ ಒಡಲಿನ ಹಾಸು, ಅಂದ್ರ ಉದ್ದಕ್ಕ ಹಾಸಿದ ಎಳಿ, ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಒಡಲಿನ ಒಂದೊಂದು ಎಳಿಗೆ ಸೆರಗಿನ ಒಂದೊಂದು ಎಳಿ ಕೊಂಡಿ ಹಾಕಿ ಕೂಡಸಬೇಕು. ಸಾವಿರಾರು ಎಳಿ, ಸೊಂಟ ಬೀಳತೈತಿ. ಅವತ್ತ ನಾ ಹೋಗೂದ್ರಾಗ ಕೊಂಡಿ ಎಲ್ಲಾ ಮುಗದು, ಸೆರಗು ಒಂದು ಗೇಣು ನೇಯ್ದಿದ್ರು. ಕರೆಂಟ್ ಇರಲಿಲ್ಲ. ನಾ ದೊಡ್ಡ ಡಾಕ್ಟರ್ ಹಂಗ ಬ್ಯಾಟ್ರಿ ತಗದೆ. ಸೆರಗಿನ ಬಾಜೂಕ ಹಳೇ ತುಂಡು ಇಟ್ಟು ಬೆಳಕು ಬಿಟ್ಟೆ. ಸೆರಗು ಕೆಂಪ ಇತ್ತು, ತುಂಡು ಕಾಚಿನ ಬಣ್ಣಕ್ಕ ತಿರಗಿತ್ತು.

"ಕಾಕಾ, ನಿಮ್ಮ ಕಣ್ಣು ಹ್ವಾದ್ವು," ಅಂದೆ. "ಇದು ಆ ಕೆಂಪು ಅಲ್ಲ."

ಕಾಕಾ ಬಗ್ಗಿ ನೋಡಿದ್ರು. ಭಾಳ ಹೊತ್ತು ನೋಡಿದ್ರು. ಬೈತಾರ ಅಂತ ನಾ ತಯಾರಾಗೇ ನಿಂತಿದ್ದೆ. ಬೈಲಿಲ್ಲ. ಹೌದು ಅಂತ ಅಷ್ಟ ಅಂದು, ಕೈ ಊರಿ ತಗ್ಗಿನಿಂದ ಕಾಲು ಮ್ಯಾಲ ತಗದ್ರು. ಹೊರಗ ನಾಕು ಹೆಜ್ಜಿ ದೂರ ಕಟ್ಟಿ ಮ್ಯಾಲ ಬಿಸಲು ಬಿದ್ದಿತ್ತು. ಅಲ್ಲೀತನ ಹೋಗಿ ನೋಡೂಣು ಅಂತ ನನಗೂ ಹೊಳೀಲಿಲ್ಲ, ಬ್ಯಾಟ್ರಿ ಕೈಯಾಗಿತ್ತಲ್ಲ. ಬ್ಯಾರೆ ಕಡೆ ಬಣ್ಣ ಹುಡಕತೇನಿ ಅಂತ ಸೆರಗಿನ ಉಳದ ನೂಲು ನಾಕು ಎಳಿ, ಹಳೇ ತುಂಡು, ಎರಡನ್ನೂ ಕಾಗದದಾಗ ಸುತ್ತಿಕೊಂಡು ಬಸ್ ಹತ್ತಿದೆ.

ಹುನಗುಂದ ಬಸ್ ಸ್ಟ್ಯಾಂಡಿನ್ಯಾಗ ಬಾಗಲಕೋಟಿ ಬಸ್ ತಡ ಇತ್ತು. ನೆರಳಿದ್ದ ಕಲ್ಲೆಲ್ಲಾ ತುಂಬಿದ್ವು, ನಾ ಬಿಸಲಾಗ ಕುಂತೆ. ಸುಮ್ಮನ ಕುಂದ್ರಾಕ ಆಗಲಿಲ್ಲ, ಕಾಗದ ಬಿಚ್ಚಿದೆ. ಎಳಿ ತುಂಡಿನ ಮ್ಯಾಲ ಇಟ್ಟೆ. ಎಳಿ ಕಾಣಲಿಲ್ಲ. ಅಷ್ಟು ಒಂದ ಬಣ್ಣ. ಚೀಲದ ಬಾಯಿ ಅಗಲ ಮಾಡಿ, ಎರಡನ್ನೂ ಒಳಗ ಇಟ್ಟು, ತಲಿ ಚೀಲದಾಗ ತೂರಿಸಿ ಬ್ಯಾಟ್ರಿ ಹಚ್ಚಿದೆ. ಮತ್ತ ಬ್ಯಾರೆ ಬ್ಯಾರೆ. ಹೊರಗ ತಗದ್ರ ಒಂದ. ಶೇಂಗಾ ಮಾರಾಕಿ ನನ್ನ ನೋಡಿ ತನ್ನ ಬುಟ್ಟಿ ಹತ್ರ ಎಳಕೊಂಡ್ಲು.

ಹಳೇ ಕಾಲದ ಬಣ್ಣ ಬ್ಯಾರೆ, ಈಗಿಂದು ಬ್ಯಾರೆ. ಬಿಸಲಾಗ ಅಕ್ಕತಂಗೇರು, ಆ ನೀಲಿ ಬೆಳಕಿನ್ಯಾಗ ಸವತೇರು. ಕುಣ್ಯಾಕ ಬರದಾಕಿ ನೆಲ ಡೊಂಕು ಅಂದ್ಲಂತ, ಹಂಗ ನೋಡಾಕ ಬರದಾಕಿ ನಾ, ಕಾಕಾನ ಕಣ್ಣಿಗೆ ಹೆಸರಿಟ್ಟು ಬಂದಿದ್ದೆ. ನನ್ನ ಬಾಯಾಗ ಮಣ್ಣು ಹಾಕ. ಬಾಗಲಕೋಟಿ ಬಸ್ ಬಂದು ಎದುರಿಗೆ ನಿಂತ್ರ ನಾ ಇಳಕಲ್ಲ ಬಸ್ಸಿಗೆ ಓಡಿದೆ.

ಕಾಕು ಕಟ್ಟಿ ಮ್ಯಾಲ ಕುಂತಿದ್ರು. ಅವರ ಉಡ್ಯಾಗ ಕೆಂಪು ನೂಲಿನ ಗಂಟು. ಕಾಕಾ ಸೆರಗಿನ ಹಾಸು ಕೊಯ್ದು ಒಗದು, ಒಳಗ ಗ್ವಾಡಿಗೆ ಮಾರಿ ಮಾಡಿ ಮಲಗ್ಯಾರ ಅಂದ್ರು. ಇನ್ನ ಮಗ್ಗಕ್ಕ ಇಳಿಯಾಂಗಿಲ್ಲ ಅಂದಾರಂತ. ಊಟನೂ ಮಾಡಿಲ್ಲ.

"ಆ ಮಾತು ನಾ ಅಂದಿದ್ರ ನನಗ ಬೈತಿದ್ರವ್ವ," ಅಂದ್ರು ಕಾಕು. "ನೀ ಅಂದಿ. ನಂಬಿಬಿಟ್ರು."

ನನಗ ಅಳು ಬಂತು, ಆದ್ರ ಅಳೂದಕ್ಕಿಂತ ಮೊದಲು ಮಾಡೂ ಕೆಲಸ ಇತ್ತು. ಒಳಗ ಹೋಗಿ ತಪ್ಪಾತು ಅಂದೆ. ಬ್ಯಾಟ್ರಿಂದ ತಪ್ಪು, ನಿಮ್ಮದಲ್ಲ ಅಂದೆ. ಕಾಕಾ ತಿರಗಲಿಲ್ಲ. ಮುದುಕನ್ನ ಸಮಾಧಾನ ಮಾಡಾಕ ಬಸ್ ಚಾರ್ಜು ಯಾಕ ಹಾಳ ಮಾಡಿದಿ ಅಂತ ಗ್ವಾಡಿಗೆ ಹೇಳಿದ್ರು. ಎಷ್ಟು ಬಡಕೊಂಡ್ರೂ ಅಷ್ಟ. ಕಡೀಕ ಬ್ಯಾಟ್ರಿ, ಎಳಿ, ತುಂಡು ಮೂರನ್ನೂ ಅವರ ಕೈಯಾಗ ತುರಕಿ, ನೀವ ನೋಡಿ ಹೇಳ್ರಿ, ನಾ ಬಾಯಿ ಬಿಡೂದಿಲ್ಲ ಅಂದೆ.

ಎದ್ದು ಕುಂತು ನೋಡಿದ್ರು. ಬ್ಯಾರೆ ಅದಾವು ಅಂದ್ರು. ರಟ್ಟಿ ಹಿಡದು ಕಟ್ಟಿಗೆ ಎಳಕೊಂಡು ಬಂದೆ. ಇಳಿಬಿಸಲು ಇನ್ನೂ ಇತ್ತು. ಎಳಿ ತುಂಡಿನ ಮ್ಯಾಲ ಇಟ್ಟು, ಕಾಣದ್ದಕ್ಕ ಬೆರಳಿಂದ ಹುಡುಕಿದ್ರು. ಮತ್ತ ಒಳಗ ಹ್ವಾದ್ರು, ಮತ್ತ ಹೊರಗ ಬಂದ್ರು. ಹಿಂಗ ಐದಾರು ಸಲ. ಓಣ್ಯಾಗಿನವ್ರು ಏನೋ ಕಳಕೊಂಡಾರ ಅಂತ ಬಾಗಲಕ್ಕ ಬಂದು ನಿಂತ್ರು.

"ನಿಮ್ಮ ಕಣ್ಣು ಹೋಗಿದ್ರ ಎರಡೂ ಕಡೆ ಒಂದ ಕಾಣಬೇಕಿತ್ತಲ್ರಿ ಕಾಕಾ," ಅಂದೆ. "ನನಗ ಕಂಡದ್ದೆಲ್ಲಾ ನಿಮಗೂ ಕಾಣಾಕತೈತಿ."

ಕಾಕಾ ಕಾಕುನ ಉಡ್ಯಾಗಿನ ಗಂಟು ಇಸ್ಕೊಂಡು ಒಳಗ ಹೋಗಿ ತಗ್ಗಿನ್ಯಾಗ ಕಾಲು ಇಳಿಬಿಟ್ರು. ನನಗ ಬಾ ಅಂತ ಸನ್ನಿ ಮಾಡಿ, ಬ್ಯಾಟ್ರಿ ಹಿಡಕೊಂಡು ನಿಂದ್ರು ಅಂದ್ರು. ಕೊಯ್ದ ಹಾಸನ್ನ ಮೊದಲಿಂದ ಕೊಂಡಿ ಹಾಕಬೇಕಿತ್ತು. ಒಂದೊಂದ ಎಳಿ.

ಎರಡು ತಾಸು ಹಿಡಕೊಂಡು ನಿಂತೆ. ಬಲಗೈ ಸೋತ್ರ ಎಡಗೈ, ಎಡಗೈ ಸೋತ್ರ ಬಲಗೈ. ಮ್ಯಾಲ ಹಿಡಿ ಅಂದ್ರು, ಒಂಚೂರು ಈಚಿ ತಾ ಅಂದ್ರು, ನಿದ್ದಿ ಮಾಡತಿ ಏನು ಅಂದ್ರು. ಬೈಗಳ ಕೇಳಿ ಅಷ್ಟು ಸಂತೋಷ ನನಗ ಜನ್ಮದಾಗ ಆಗಿರಲಿಲ್ಲ. ಅಷ್ಟೊತ್ತಿಗೆ ಚಾರ್ಜು ಮುಗದು ಬ್ಯಾಟ್ರಿ ಪಕ್ಕನ ಆರಿತು. ಖೋಲಿ ಕತ್ತಲಾತು. ಕರೆಂಟ್ ಬರೂತನ ತಡೀರಿ ಕಾಕಾ ಅಂದೆ. ಅವರು ತಡೀಲಿಲ್ಲ. ಅವರ ಬೆರಳು ಎಳಿ ಹುಡುಕಿ, ಸುತ್ತಿ, ಎಳದು ಬಿಡೂ ಸಪ್ಪಳ ಮೊದಲಿನಂಗನ ನಡದಿತ್ತು.

"ಕಾಣಸತೈತೇನ್ರಿ?" ಅಂತ ಕೇಳಿದೆ.

"ಕೊಂಡಿ ಹಾಕಾಕ ಕಣ್ಣು ಯಾಕ ಬೇಕು? ನಲವತ್ತು ವರ್ಷ ಬೆರಳ ಹಾಕ್ಯಾವು."

"ಮತ್ತ ನಾ ಎರಡು ತಾಸಿಂದ ಯಾಕ ಹಿಡಕೊಂಡು ನಿಂತೇನಿ?"

"ನಿನ್ನ ಕೈ ನೋಯಲಿ ಅಂತ," ಅಂದ್ರು ಕಾಕಾ.

ಹೊರಗ ಕಾಕು ನಕ್ಕಿದ್ದು ಕೇಳಿಸ್ತು. ನಾ ಆರಿದ ಬ್ಯಾಟ್ರಿ ಹಿಡಕೊಂಡ ಕೈ ಇಳಸಲಿಲ್ಲ.